ಸುಣ್ಣ ಬಳಿಯದ ಜಾಗ

ಹೆಜ್ಜೆ ಸಪ್ಪಳ ಮುಂಬಾಗಿಲ ತನಕ ಬಂತು, ನಿಂತಿತು, ಆಮೇಲೆ ಓಡುತ್ತ ಹಿಂದಕ್ಕೆ ಹೋಯಿತು. ಅನಂತರಾಮಯ್ಯ ಮೇಷ್ಟ್ರು ಕುರ್ಚಿಯಿಂದ ಎದ್ದು ಪಡಸಾಲೆಗೆ ಬರುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಒಂದು ಅಂಗಿಯ ಬೆನ್ನು ಮಾತ್ರ ಕಂಡಿತು. ಬೆಳಗಿನಿಂದ ಹೀಗೇ ಆಗುತ್ತಿತ್ತು. ಗಂಟೆ ಹೊಡೆದದ್ದಾಯಿತು, ಮಕ್ಕಳು ಬಾಗಿಲ ತನಕ ಬಂದದ್ದೂ ಆಯಿತು, ಒಳಗೆ ಮಾತ್ರ ಒಂದು ನರಪಿಳ್ಳೆ ಇಲ್ಲ. ಅವರು ಮತ್ತೆ ಬಂದು ಕುರ್ಚಿಯಲ್ಲಿ ಕುಳಿತರು. ಎದುರಿಗೆ ನೆಲದ ಮೇಲೆ ಬಿಳಿಯ ಸುಣ್ಣದ ಸುತ್ತುಗಳು ಖಾಲಿಯಾಗಿ ಬಿದ್ದಿದ್ದವು.

ಐವತ್ತೇಳರ ಮಳೆಗಾಲ ಅದು. ಫ್ಲೂ ಜ್ವರ ಕುಣಿಗಲ್ಲಿಗೂ ಬಂದಿತ್ತು. ಮನೆಗಳಲ್ಲಿ ಜಾಗ ಸಾಲದೆ ಈ ಶಾಲೆಯಲ್ಲೇ ಚಾಪೆ ಹಾಸಿ ರೋಗಿಗಳನ್ನು ಮಲಗಿಸಿದ್ದರು. ಗಂಜಿ ಕೊಡಲು, ಕಾಂಪೌಂಡರು ತಂದ ಔಷಧಿ ಕುಡಿಸಲು ಮೇಷ್ಟ್ರು ಹಗಲೆಲ್ಲ ಇಲ್ಲೇ ಇರುತ್ತಿದ್ದರು. ಜ್ವರ ಇಳಿದ ಮೇಲೆ ತಾಲ್ಲೂಕು ಕಚೇರಿಯಿಂದ ಅಪ್ಪಣೆ ಬಂತು: ಶಾಲೆ ತೆರೆಯಿರಿ, ಆದರೆ ಜೋಪಾನ. ಒಳಗಿನ ಗೋಡೆಗೆಲ್ಲ ಮೇಷ್ಟ್ರೇ ಪಂಚೆ ಎತ್ತಿ ಕಟ್ಟಿ ಸುಣ್ಣ ಬಳಿದರು. ನೆಲಕ್ಕೆ ಫಿನಾಯಿಲು ಸುರಿದು ಉಜ್ಜಿದರು. ಬೆಂಚುಗಳನ್ನು ಹಿತ್ತಿಲ ಬಿಸಿಲಿಗೆ ಹಾಕಿದರು. ಮೋಡ ಕವಿದಾಗ ಒಳಗೆ ಎಳೆದರು, ಬಿಸಿಲು ಬಂದಾಗ ಮತ್ತೆ ಹೊರಗೆ. ಎಲ್ಲರೂ ಬಾಯಿಟ್ಟು ಕುಡಿಯುತ್ತಿದ್ದ ಕಂಚಿನ ಲೋಟವನ್ನು ಅಟ್ಟಕ್ಕೆ ಹಾಕಿ, ಮಕ್ಕಳು ಅವರವರ ಲೋಟ ತರಬೇಕೆಂದು ಊರಲ್ಲಿ ಸಾರಿಸಿದರು. ಕೊನೆಗೆ ಮಕ್ಕಳು ಕೂರಲು ನೆಲದ ಮೇಲೆ ಮಗುವಿಗೊಂದರಂತೆ ದೂರ ದೂರ ಸುಣ್ಣದ ಸುತ್ತು ಬರೆದರು. ಮುಂಗೋಡೆಯ ಸುಣ್ಣದ ಕೆಲಸವನ್ನು ಮಾತ್ರ ಜವಾನ ಬೆಟ್ಟಯ್ಯನಿಗೆ ಬಿಟ್ಟಿದ್ದರು.

ಇಷ್ಟೆಲ್ಲ ಮೈಮುರಿದು ಮಾಡಿದ್ದು ಕಚೇರಿಯ ಭಯಕ್ಕಲ್ಲ. ಶಾಲೆಯ ಹಿಂದೆಯೇ ಅವರ ಮನೆ, ಆ ಮನೆಯಲ್ಲಿ ಈಗ ಯಾರೂ ಇರಲಿಲ್ಲ. ರೋಗಿಗಳೆಲ್ಲ ಎದ್ದು ಮನೆಗೆ ಹೋಗುವ ಹೊತ್ತಿಗೆ ಹೆಂಡತಿ ತುಳಸಮ್ಮನಿಗೆ ಜ್ವರ ಬಂತು. ಇವರು ಹತ್ತಿರವಿದ್ದು ಏನು ಮಾಡಿದರೂ ಆಕೆ ಉಳಿಯಲಿಲ್ಲ. ಜ್ವರ ಶುರುವಾದಾಗಿನಿಂದ ಮೇಷ್ಟ್ರು ಹಿತ್ತಿಲ ಬಾಗಿಲಿನಿಂದಲೇ ಶಾಲೆಗೆ ಬಂದು ಹೋಗುತ್ತಿದ್ದರು, ಆಕೆ ಹೋದ ಮೇಲಂತೂ ಬೀದಿಯ ಜನರ ಅಯ್ಯೋ ಪಾಪಗಳನ್ನು ಕೇಳಲಾರದೆ ಬೀದಿಗೇ ಇಳಿದಿರಲಿಲ್ಲ. ಮಗ್ಗಿ ಒದರುವ ಒಂದಷ್ಟು ಗಂಟಲುಗಳು ಬಂದರೆ ಹಗಲಾದರೂ ಕಳೆದೀತು ಎಂಬುದೊಂದೇ ಅವರ ಆಸೆ.

ಈಗ ಅದೂ ಇಲ್ಲ. ಸಾವಾದ ಮನೆಯ ಮೇಷ್ಟ್ರು, ಮೈಯಲ್ಲಿ ಇನ್ನೂ ಜ್ವರದ ಗಾಳಿ ಇದ್ದೀತು ಎಂದು ಜನ ಹೆದರಿದ್ದಾರೆ ಎಂದುಕೊಂಡರು. ಅವರನ್ನು ದೂರಿ ಏನು ಬಂತು? ವರ್ಗ ಕೇಳಿಕೊಂಡು ಗುಬ್ಬಿಗೆ, ಅಣ್ಣನ ಮನೆಗೆ ಹೋಗಿಬಿಡುವುದೇ ಸರಿ. ಹಾಗೆ ತೀರ್ಮಾನ ಮಾಡಿದ ಮೇಲೆ ಕುರ್ಚಿಯಲ್ಲಿ ಕೂರಲೂ ಆಗದೆ ಹಿತ್ತಿಲಿನಿಂದ ಹೊರಬಿದ್ದು ಕೆರೆ ಏರಿಯ ಕಡೆ ನಡೆದರು.

ಏರಿಯ ಕೆಳಗೆ ಅರ್ಧ ಶಾಲೆಯೇ ಕುಂಟಾಬಿಲ್ಲೆ ಆಡುತ್ತಿತ್ತು. ಮೇಷ್ಟ್ರನ್ನು ಕಂಡು ಎಲ್ಲರೂ ಚೆಲ್ಲಾಪಿಲ್ಲಿಯಾದರು. ಎರಡನೇ ಕ್ಲಾಸಿನ ವನಜ ಒಬ್ಬಳು ಮಾತ್ರ ಲೋಟ ಹಿಡಿದುಕೊಂಡು ನಿಂತಳು. ತೊಳೆದು ಬೆಳಗಿದ ಹೊಸ ಲೋಟ. ಹೆದರಿಕೆಯೇನಮ್ಮ, ಯಾಕೆ ಬರಲಿಲ್ಲ ಎಂದು ಅವರು ಮೆಲ್ಲಗೆ ಕೇಳಿದರು.

"ಬಂದಿದ್ವಿ ಸಾ," ಎಂದಳು ವನಜ. "ನೀವೇ ಬಾಗ್ಲ್ ಮ್ಯಾಲೆ ಬರೆದಿದ್ರಲ್ಲ, ನಾಳೆ ಬಾ ಅಂತ. ಅದ್ಕೇ ವಾಪಸ್ ಬಂದ್ವಿ."

ಓದು ಕಲಿಸಿದ್ದಕ್ಕೆ ಇಷ್ಟು ಚೆನ್ನಾಗಿ ಗುರುದಕ್ಷಿಣೆ ಸಿಕ್ಕಿದ ಮೇಷ್ಟ್ರು ಇನ್ನೊಬ್ಬರಿರಲಿಕ್ಕಿಲ್ಲ. ಅನಂತರಾಮಯ್ಯನವರು ಬಹಳ ದಿನಗಳ ಮೇಲೆ ಬೀದಿಯ ಕಡೆಯಿಂದ ಶಾಲೆಗೆ ಬಂದರು.

ಮುಂಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಬಾಗಿಲ ಮೇಲೆ ಮಾತ್ರ ಮೊರದಗಲ ಜಾಗವನ್ನು ಬಿಟ್ಟು, ಅದರ ಸುತ್ತ ಸುಣ್ಣ ಬಳಿದಿತ್ತು. ಆ ಹಳೆಯ ಗಾರೆಯ ಮೇಲೆ ಕೆಮ್ಮಣ್ಣಿನಲ್ಲಿ ನಾಳೆ ಬಾ ಎಂದು ಬರೆದಿತ್ತು. ಮನೆಗೆ ಬರುವ ಮಾರಿ ಅದನ್ನು ಓದಿ ಹಿಂದಿರುಗುತ್ತಾಳೆ, ಮರುದಿನ ಬಂದರೂ ಮತ್ತೆ ಅದೇ ಮಾತು ಓದಿ ಮತ್ತೆ ಹೋಗುತ್ತಾಳೆ ಎಂದು ಜನ ಬರೆಯುವುದು ಅವರಿಗೇನೂ ಹೊಸದಲ್ಲ. ಆದರೆ ಆ ಅಕ್ಷರ! ದೀರ್ಘವನ್ನು ಅಷ್ಟುದ್ದ ಎಳೆಯುವವಳು ಒಬ್ಬಳೇ. ಮದುವೆಯಾದ ಮೇಲೆ ಅವರೇ ಕೈಹಿಡಿದು ತಿದ್ದಿಸಿದ ಅಕ್ಷರ. ಇಷ್ಟು ಎಳೆದರೆ ಓದುವವರಿಗೆ ಉಸಿರು ಕಟ್ಟುತ್ತದೆ ಕಣೇ ಎಂದು ಅವರು ರೇಗಿಸುತ್ತಿದ್ದರು. ಊರಲ್ಲಿ ಜ್ವರ ಶುರುವಾದಾಗ ತುಳಸಮ್ಮ ಮನೆಯ ಬಾಗಿಲಿಗೆ ಬರೆಯಲು ಹೊರಟಿದ್ದಳು. ಮೇಷ್ಟ್ರ ಮನೆಯಲ್ಲೇ ಇಂಥದ್ದು ಕಂಡರೆ ಊರು ನಗುತ್ತದೆ ಎಂದು ಇವರು ತಡೆದಿದ್ದರು. ಆಕೆ ಕೆಮ್ಮಣ್ಣಿನ ಬಟ್ಟಲನ್ನು ಒಳಗೆ ತೆಗೆದಿಟ್ಟಿದ್ದಳು.

ಬೆಟ್ಟಯ್ಯ ಬಂದು ಪಕ್ಕದಲ್ಲಿ ನಿಂತ. ಅವನಿಗೆ ಓದು ಬರದು.

"ಅಮ್ಮಾವ್ರು ಬರೆದದ್ದು ಮೇಷ್ಟ್ರೆ. ನಾನೇ ಸ್ಟೂಲು ಇಡ್ಕೊಂಡಿದ್ದೆ. ಅಳಿಸಾಕೆ ಕೈ ಬರ್ನಿಲ್ಲ, ಸುತ್ತ ಬಳಿದು ಬುಟ್ಟೆ."

"ಇಲ್ಲಿ ಯಾಕಯ್ಯ ಬರೆದ್ಲು?"

"ಮನೆ ಬಾಗ್ಲಿಗೆ ಬ್ಯಾಡ ಅಂದವ್ರೆ, ಇಸ್ಕೂಲ್ ಬಾಗ್ಲಿಗೆ ಬ್ಯಾಡ ಅಂದಿಲ್ವಲ್ಲ, ಅವ್ರು ಹಗಲೆಲ್ಲ ಇರೋದು ಇಲ್ಲೇ ಅಲ್ವಾ ಅಂದ್ರು."

ಅಷ್ಟು ಜನ ರೋಗಿಗಳ ನಡುವೆ ಇದ್ದೂ ತಮಗೆ ಒಂದು ಸೀನೂ ಬಂದಿರಲಿಲ್ಲ. ಇದನ್ನು ನಂಬುವವರು ಅವರಲ್ಲ, ಆದರೂ ಆ ಹೊತ್ತಿನಲ್ಲಿ ನಂಬದೆ ಇರುವುದು ಬಹಳ ಕಷ್ಟವಾಯಿತು. ಅಕ್ಷರ ಹೀಗೇ ಇದ್ದರೆ ನಾಳೆಯೂ ಮಕ್ಕಳು ಓದಿ ಹಿಂದಿರುಗುತ್ತಾರೆ. ಅಳಿಸಿದರೆ, ಅವಳದೆಂದು ಉಳಿದ ಕೈಬರಹ ಬೇರೆಲ್ಲೂ ಇಲ್ಲ.

ಸುಣ್ಣ ತರಲು ಹೇಳಿದರು. ಬೆಟ್ಟಯ್ಯ ಅವತ್ತು ಹಿಡಿದ ಹಾಗೆಯೇ ಸ್ಟೂಲು ಹಿಡಿದುಕೊಂಡ. ಮೇಷ್ಟ್ರು ಹತ್ತಿ ನಿಂತು ಮೊದಲ ಮಾತಿನ ಮೇಲೆ ಕುಂಚ ಎಳೆದರು. ಕೆಂಪು ಮತ್ತೆ ಮತ್ತೆ ಇಣುಕಿತು, ಅವರು ಮತ್ತೆ ಮತ್ತೆ ಬಳಿದರು. ಎರಡನೆಯದರ ಹತ್ತಿರ ಬಂದಾಗ ಕೈ ನಿಂತಿತು. ಸ್ವಲ್ಪ ಹೊತ್ತು ನೋಡಿ ಕೆಳಗಿಳಿದರು.

"ಇನ್ನೊಂದು ಉಳ್ಕೊಂತಲ್ಲ ಮೇಷ್ಟ್ರೆ," ಎಂದ ಬೆಟ್ಟಯ್ಯ.

"ಅದು ಇರ್ಲಿ."

ಮರುದಿನ ಗಂಟೆ ಹೊಡೆದು ಕುರ್ಚಿಯಲ್ಲಿ ಕುಳಿತರು. ಹೆಜ್ಜೆ ಸಪ್ಪಳ ಬಾಗಿಲ ತನಕ ಬಂದು ನಿಂತಿತು. ವನಜಳ ಧ್ವನಿ, ದೀರ್ಘವನ್ನು ಬರೆದಷ್ಟೇ ಉದ್ದ ಎಳೆದು, ಬಾ ಎಂದು ಓದಿತು. ಆಮೇಲೆ ಸಪ್ಪಳ ಒಳಗೆ ಬಂತು. ಲೋಟಗಳನ್ನು ಹಿಡಿದ ಮಕ್ಕಳು ಒಬ್ಬೊಬ್ಬರಾಗಿ ಸುಣ್ಣದ ಸುತ್ತುಗಳಲ್ಲಿ ಕುಳಿತುಕೊಂಡರು. ಕೊನೆಯ ಮಗು ಬಂದು ಕುಳಿತ ಮೇಲೂ ಮೇಷ್ಟ್ರು ಪಾಠ ಶುರು ಮಾಡದೆ ಪಡಸಾಲೆಯ ಕಡೆಯೇ ನೋಡುತ್ತಿದ್ದರು.