ಉಗುಳು ಕೊಡದವನು

"ಇನ್ನೂ ಅಗಲ ತೆಗಿಯೋ. ಮೋರಿ ಬಳಿಯೋನ ಬಾಯೂ ಮೋರಿನೇ ಆಗಿದೆ ನೋಡ್ರಪ್ಪ."

ಕುರ್ಚಿಯ ಸುತ್ತ ನಿಂತಿದ್ದ ವಿದ್ಯಾರ್ಥಿಗಳು ನಕ್ಕರು. ದೊಡ್ಡ ಡಾಕ್ಟರು ನಕ್ಕಾಗ ನಗುವುದೂ ಆ ದಂತ ಕಾಲೇಜಿನ ಪಾಠವೇ ಇರಬೇಕು.

ಕುರ್ಚಿಯಲ್ಲಿ ಒರಗಿದ್ದವನನ್ನು ಜೊತೆಯವರು ಗುಮ್ಮ ಅನ್ನುತ್ತಿದ್ದರು. ಮ್ಯಾನ್‌ಹೋಲಿನಿಂದ ಕರ್ರಗೆ ಮೇಲೆದ್ದು ಬರುವಾಗ ಹಾಗೇ ಕಾಣುತ್ತಿದ್ದ. ಒಳಗಿನ ನಾತ ತಡೆಯಲು ಹೊಗೆಸೊಪ್ಪನ್ನು ದವಡೆಗೆ ಒತ್ತರಿಸಿಕೊಂಡೇ ಇಳಿಯಬೇಕು. ಅದೇ ಜಾಗದಲ್ಲಿ ಬಿಳಿ ಮಚ್ಚೆ ಎದ್ದಿತ್ತು. ಬಂದಾಗಲೆಲ್ಲ ಡಾಕ್ಟರು ಸಣ್ಣ ಕೊಳವೆಗೆ ಉಗುಳು ತುಂಬಿಸಿಕೊಂಡು, "ಏನಿಲ್ಲ ಹೋಗು, ಮುಂದಿನ ತಿಂಗಳು ಬಾ" ಎಂದು ಅಟ್ಟುತ್ತಿದ್ದರು.

ಇವತ್ತು ಅವನ ಕೆನ್ನೆ ಎಳೆದು ಹಿಡಿದೇ ಪಾಠ ಶುರುಮಾಡಿದರು. "ಜೀವಕೋಶ ಕೆಟ್ಟಾಗ ಅದರೊಳಗಿನ ಎಲ್‌ಡಿಎಚ್ ಕಿಣ್ವ ಉಗುಳಿಗೆ ಸೋರುತ್ತೆ. ಇವನದು ಪ್ರತಿ ಸಲವೂ ಏರ್ತಾನೇ ಇದೆ. ಮಚ್ಚೆ ಕ್ಯಾನ್ಸರ್ ಕಡೆ ಹೊರಟಿರೋ ಹಾಗಿದೆ. ಚೂರು ಕತ್ತರಿಸಿ ನೋಡಿದರೇನೇ ಖಾತ್ರಿ."

"ಯಾವಾಗ ಕತ್ತರಿಸ್ತೀರಿ ಸರ್?" ಹುಡುಗಿಯೊಬ್ಬಳು ಕೇಳಿದಳು.

"ಈಗಲೇ ಕತ್ತರಿಸಿಬಿಟ್ರೆ ಏರಿಕೆ ಎಲ್ಲಿಗೆ ಮುಟ್ಟುತ್ತೆ ಅಂತ ಗೊತ್ತಾಗೋದು ಹೇಗಮ್ಮ? ನನ್ನ ಸಂಶೋಧನೆ ಅರ್ಧಕ್ಕೇ ನಿಲ್ಲುತ್ತೆ. ಇನ್ನೊಂದೆರಡು ಸಲ ಉಗುಳಲಿ."

ಕಿಣ್ವ ಎಂದರೇನೆಂದು ಗುಮ್ಮನಿಗೆ ತಿಳಿಯಲಿಲ್ಲ. ಕ್ಯಾನ್ಸರ್ ತಿಳಿಯಿತು. ಅವನ ಜೊತೆ ಹೂಳು ಹೊರುವ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು; ಅವಳಿಗೂ ತಿಳಿಯಿತು.

"ಏನಿಲ್ಲ ಅಂದಿದ್ರಲ್ಲ ಡಾಕ್ಟ್ರೇ?" ಎನ್ನುತ್ತ ಒಳಗೆ ಬಂದಳು.

"ನಿನ್ನ ಯಾರು ಕರೆದ್ರು? ಹೊರಗೆ ನಿಲ್ಲು, ವಾಸನೆ."

"ನಿಮ್ಮನೆ ಹೇಲು ಬಾಚಿದ ವಾಸನೆ ಇದು. ನಿನ್ನ ಹೆಂಡ್ತಿ ಬಾಯಲ್ಲಿ ಎದ್ದಿದ್ರೂ ಹಿಂಗೇ ಬಲೀಲಿ ಅಂತ ಕಾಯ್ತಿದ್ದೇನೋ, ಹಾಳಾದೋನೇ? ಇವನೇನು ನೀನು ಸಾಕಿದ ಇಲೀನಾ?"

ಡಾಕ್ಟರು ಅವಳತ್ತ ತಿರುಗಲೂ ಇಲ್ಲ. ಕೊಳವೆಯನ್ನು ಗುಮ್ಮನ ತುಟಿಗೆ ಒಡ್ಡಿದರು. "ಉಗಿ. ಜನ ಕಾಯ್ತಿದ್ದಾರೆ."

ಗುಮ್ಮ ಬಾಯಿ ಮುಚ್ಚಿದ. ಕೂಡಿದ್ದ ಉಗುಳನ್ನೆಲ್ಲ, ಡಾಕ್ಟರ ಮುಖವನ್ನೇ ದಿಟ್ಟಿಸುತ್ತ, ನುಂಗಿದ.

"ಕುಯ್ದು ನೋಡು," ಎಂದ. "ಈಗ್ಲೇ."

"ಏಳೋ ಮೇಲೆ."

"ಕುಯ್ಯೋವರೆಗೂ ಏಳಲ್ಲ."

ವಾಚ್‌ಮನ್ ಬಂದು ರಟ್ಟೆ ಹಿಡಿದೆಳೆದ. ಹಗ್ಗ ಹಿಡಿದು ಗುಂಡಿಯಿಂದ ಮೇಲೇರುವ ಕೈಗಳವು. ಕುರ್ಚಿಯ ಹಿಡಿಯಿಂದ ಒಂದು ಬೆರಳೂ ಸಡಿಲಲಿಲ್ಲ. ಹೆಂಡತಿ ಬಾಗಿಲನ್ನು ಪೂರಾ ತೆರೆದು ಹೊರಗಿನ ಸಾಲಿಗೆ ಕೂಗಿ ಹೇಳಿದಳು: "ನನ್ನ ಗಂಡನ ಉಗುಳಲ್ಲಿ ಕೇಡು ಏರ್ತಾ ಇದೆಯಂತೆ. ಗೊತ್ತಿದ್ದೂ ಹೇಳ್ಲಿಲ್ಲ. ನೀವು ಯಾರ್ಯಾರು ಉಗುಳು ಕೊಟ್ಟಿದ್ದೀರೋ, ಬಂದು ಕೇಳಿ."

ಹೊರಗಿನ ಬೆಂಚಿನಿಂದ ಒಬ್ಬ ಮುದುಕಿ ಎದ್ದಳು. ಅವಳ ಹಿಂದೆ ಕೆನ್ನೆ ಊದಿದ ಕಲ್ಲುಕುಟಿಗ, ಅವನ ಹಿಂದೆ ಇನ್ನೂ ಕೆಲವರು. ಕೋಣೆ ತುಂಬಿತು. ವಿದ್ಯಾರ್ಥಿಗಳು ಗೋಡೆಗೆ ಒತ್ತಿಕೊಂಡರು.

"ನಂದೂ ಏರ್ತಾ ಇದೆಯೇನಪ್ಪಾ?" ಮುದುಕಿ ಮೆಲ್ಲಗೆ ಕೇಳಿದಳು.

ಇವರನ್ನೆಲ್ಲ ಹೊರಗೆ ಹಾಕು ಎಂಬಂತೆ ಡಾಕ್ಟರು ವಾಚ್‌ಮನ್ ಕಡೆ ನೋಡಿದರು.