ರೊಟ್ಟಿಯ ಸಪ್ಪಳ

"ಮುರೀ, ಕೇಳಸು," ಎಂದಳು ಅವ್ವ.

ಶರ್ವರಿ ಫೋನಿನ ಸ್ಪೀಕರ್ ಹಚ್ಚಿ ಮಂಚದ ಮೇಲೆ ಇಟ್ಟಳು. ಕಡಕ್ ರೊಟ್ಟಿಯೊಂದನ್ನು ಅದರ ಬಾಯಿಗೇ ಹಿಡಿದು ಕಟಕ್ಕನೆ ಮುರಿದಳು.

"ಹಾಂ, ಛಲೋ ಅದಾವ. ನಿಮ್ಮ ಹೈದರಾಬಾದ್ ಮಳಿಗಾಲಕ್ಕ ಎಲ್ಲಿ ಮೆತ್ತಗಾಗ್ಯಾವೋ ಅಂತ ಮಾಡಿದ್ದೆ. ತಿನ್ನು ಇನ್ನ. ನಾ ಇಲ್ಲೇ ಅದೀನಿ."

ಆ ಕಡೆಯಿಂದ ಟಪ್ ಟಪ್ ಸದ್ದು ಬರುತ್ತಲೇ ಇತ್ತು. ಅವ್ವ ಕಲಬುರಗಿಯಲ್ಲಿ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವವಳು. ಹಿಟ್ಟು ಹತ್ತಿದ ಬೆರಳಿಗೆ ಟಚ್ ಫೋನ್ ಮಾತು ಕೇಳುವುದಿಲ್ಲವೆಂದು ಇವತ್ತಿಗೂ ಗುಂಡಿಯ ಫೋನನ್ನೇ ಇಟ್ಟುಕೊಂಡಿದ್ದಾಳೆ. ವಿಡಿಯೋ ಇಲ್ಲ. ಮಗಳ ಮುಖ ಕಾಣದಿದ್ದರೂ ಮಗಳು ಉಣ್ಣುವ ಸಪ್ಪಳವಾದರೂ ಕಿವಿಗೆ ಬೀಳಲಿ ಎಂದು ದಿನಾ ಸಂಜೆ ಎಂಟಕ್ಕೆ ಫೋನು. ಅವಳು ಅಲ್ಲಿ ಬಡಿಯಬೇಕು, ಇವಳು ಇಲ್ಲಿ ತಿನ್ನಬೇಕು.

ಶರ್ವರಿ ಕೈಯಲ್ಲಿದ್ದ ತುಂಡನ್ನು ಮತ್ತೆ ಎರಡು ಮಾಡಿದಳು. ಸ್ವಲ್ಪ ತಡೆದು ಅದನ್ನೂ ಮುರಿದಳು. ನಡುನಡುವೆ ಬಾಯಿ ತುಂಬ ತುತ್ತಿದ್ದವರ ಹಾಗೆ "ಹ್ಞೂಂ" ಎಂದಳು. ಈ ನಲವತ್ತು ದಿನಗಳಲ್ಲಿ ಎಷ್ಟು ಹೊತ್ತಿಗೊಮ್ಮೆ ಮುರಿಯಬೇಕು, ಎಲ್ಲಿ "ಹ್ಞೂಂ" ಹಾಕಬೇಕು ಎಲ್ಲ ರೂಢಿಯಾಗಿತ್ತು.

"ಶೇಂಗಾ ಹಿಂಡಿ ಹಚ್ಕೊಂಡಿ?"

"ಹಚ್ಕೊಂಡೀನವ್ವ. ಭಾಳ ಖಾರ ಆಗೇತಿ."

ಅವ್ವನ ಕೈ ಒಂದು ಗಳಿಗೆ ನಿಂತ ಹಾಗಾಯಿತು. "ಹೌದೇನು," ಎಂದಳು. ಟಪ್ ಟಪ್ ಮತ್ತೆ ಶುರುವಾಯಿತು.

ಫೋನಿಟ್ಟ ಮೇಲೆ ಶರ್ವರಿ ಚೂರುಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ ಮಂಚದ ಕೆಳಗಿನ ಸೂಟ್‌ಕೇಸಿಗೆ ಸೇರಿಸಿದಳು. ಅದು ಆಗಲೇ ಮುಕ್ಕಾಲು ತುಂಬಿತ್ತು. ಹದಿನೈದು ದಿನಕ್ಕೊಮ್ಮೆ ಓಣಿಯ ಸಂಗಣ್ಣ ಕಾಕಾ ರೈಲಿನಲ್ಲಿ ಬರುತ್ತ ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಅವ್ವ ಕಳಿಸಿದ ರೊಟ್ಟಿ, ಹಿಂಡಿಪುಡಿಯ ಗಂಟು ಕೊಟ್ಟು ಹೋಗುತ್ತಿದ್ದ. ಈ ರೊಟ್ಟಿಗಳು ಕೆಡುವುದೂ ಇಲ್ಲ. ಕೆಟ್ಟಿದ್ದರೆ ಎಸೆಯಲು ಒಂದು ನೆವವಾದರೂ ಸಿಗುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಆಫೀಸಿನ ಲಿಫ್ಟು. ಕೊಂಡಾಪುರದ ಆ ಕಟ್ಟಡದಲ್ಲಿ ಕೆಲಸಕ್ಕೆ ಸೇರಿದ ಎರಡನೇ ವಾರ ಶರ್ವರಿ ಓಡಿ ಬಂದು ಕೊನೆಯವಳಾಗಿ ಲಿಫ್ಟ್ ಹತ್ತಿದ್ದಳು. ಅದು ಕುಂಯ್ ಕುಂಯ್ ಎಂದು ಕೂಗಿಕೊಂಡಿತು. ಒಬ್ಬರು ಇಳಿಯಿರಿ ಎಂದರು ಯಾರೋ. ಶರ್ವರಿ ಇಳಿದರೆ ಇಬ್ಬರು ಇಳಿದಂತೆ ಎಂದು ಟೀಮಿನ ಮನೋಜ ತೆಲುಗಿನಲ್ಲಿ ನಗೆ ಹಾರಿಸಿದ. ಅವಳಿಗೆ ಅರ್ಥವಾಗದೆಂದು ತಿಳಿದಿದ್ದನೋ, ಆಗಲಿ ಎಂದೇ ಹೇಳಿದನೋ. ಅವಳೂ ಎಲ್ಲರ ಜೊತೆ ನಕ್ಕು ಇಳಿದಳು. ಬಾಗಿಲು ಮುಚ್ಚಿದ ಮೇಲೂ ಒಳಗಿನ ನಗು ಮೇಲಕ್ಕೆ ಹೋಗುತ್ತಿರುವುದು ಕೇಳಿಸಿತು. ಅವತ್ತಿನಿಂದ ಏಳು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತುತ್ತಾಳೆ.

ಅದೇ ವಾರ ಫೋನಿನಲ್ಲಿ ತೂಕ ಇಳಿಸಿಕೊಡುವ ಹರ್ಷಿತಾ ಮೇಡಮ್ ಸಿಕ್ಕಳು. ಇಪ್ಪತ್ತೊಂದು ದಿನದಲ್ಲಿ ಆರು ಕಿಲೋ, ಗ್ಯಾರಂಟಿ. ಬೆಳಿಗ್ಗೆ ಜೀರಿಗೆ ನೀರು, ಮಧ್ಯಾಹ್ನ ಒಂದು ಸೌತೆಕಾಯಿ, ಸಂಜೆ ಬಿಸಿ ನೀರಿಗೆ ಎರಡು ಚಮಚ ಹೆಸರಿಲ್ಲದ ಪುಡಿ. ದಿನಾ ಬೆಳಿಗ್ಗೆ ಆರು ಗಂಟೆಯೊಳಗೆ ತೂಕದ ಮಷಿನ್ನಿನ ಮೇಲೆ ನಿಂತ ಪಾದದ ಫೋಟೋ ವಾಟ್ಸಾಪ್ ಗುಂಪಿಗೆ ಹಾಕಬೇಕು. ಗುಂಪಿನಲ್ಲಿ ಎಂಬತ್ತಮೂರು ಜನ. ಒಬ್ಬರ ಮುಖವೂ ಗೊತ್ತಿಲ್ಲ, ಎಲ್ಲರ ಪಾದಗಳೂ ಗೊತ್ತು. ಉಗುರಿಗೆ ನೀಲಿ ಬಣ್ಣದವಳು, ಕಾಲುಂಗುರದವಳು, ಹೆಬ್ಬೆರಳಿಗೆ ಪಟ್ಟಿ ಸುತ್ತಿದವಳು. ಮೊದಲ ವಾರ ಎರಡೂವರೆ ಕಿಲೋ ಇಳಿದಾಗ ಐವತ್ತು ಜನ ಚಪ್ಪಾಳೆ ಕಳಿಸಿದ್ದರು. ಹೈದರಾಬಾದಿಗೆ ಬಂದ ಮೇಲೆ ಅಷ್ಟು ಜನ ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಒಂದು ಸುತ್ತು ಮುಗಿಯುತ್ತಲೇ ಎರಡನೆಯದಕ್ಕೂ ಸೇರಿದಳು. ಎಪ್ಪತ್ತೆರಡು ಇದ್ದದ್ದು ಈಗ ಅರವತ್ತೊಂದು. ಇನ್ನೆರಡು ದಿನ ಕಳೆದರೆ ಗೆದ್ದವರ ಸಾಲಿನಲ್ಲಿ ಅವಳ ಫೋಟೋ.

ಸ್ನಾನದ ಮನೆಯ ಜಾಲರಿಯಲ್ಲಿ ದಿನಾ ಒಂದು ಹಿಡಿ ಕೂದಲು ಸಿಕ್ಕುತ್ತಿತ್ತು. ಮುಟ್ಟು ನಿಂತು ಎರಡನೇ ತಿಂಗಳು. ಸುಮ್ಮನೆ ಕೂತಾಗಲೂ ಎದೆ ಒಮ್ಮೊಮ್ಮೆ ಒಂದು ಬಡಿತ ಮರೆತು, ನೆನಪಾದ ಹಾಗೆ ಎರಡು ಸಲ ಬಡಿದುಕೊಳ್ಳುತ್ತಿತ್ತು. ಮೇಡಮ್‌ಗೆ ಬರೆದರೆ, 'ಮೈಯಿಂದ ವಿಷ ಹೊರಗೆ ಹೋಗ್ತಾ ಇದೆ ಡಿಯರ್, ಒಳ್ಳೇ ಲಕ್ಷಣ' ಎಂದು ಉತ್ತರ ಬಂತು, ಕೊನೆಗೊಂದು ಹೂವಿನ ಚಿತ್ರ.

ಮರುದಿನ ಬೆಳಿಗ್ಗೆ ಐದನೇ ಮಹಡಿಯ ತಿರುವಿನಲ್ಲಿ ಅವಳ ಕಾಲು ಮೇಲೇಳಲಿಲ್ಲ. ಮೀನಖಂಡ ಕಲ್ಲಿನಂತೆ ಬಿಗಿದುಕೊಂಡಿತು. ಕಂಬಿ ಹಿಡಿಯಲು ಹೋದಳು. ಕಂಬಿ ಇದ್ದ ಕಡೆ ಇರಲಿಲ್ಲ.

ಆ ಮೆಟ್ಟಿಲಲ್ಲಿ ಯಾರೂ ಓಡಾಡುವುದಿಲ್ಲ. ನೆಲ ಒರೆಸುವ ಅಂಬವ್ವ ಮಾತ್ರ ಬರುತ್ತಾಳೆ. ಜಹೀರಾಬಾದ್ ಕಡೆಯವಳು. ಶರ್ವರಿ ಫೋನಿನಲ್ಲಿ ಅವ್ವನೊಡನೆ ಮಾತಾಡುವುದನ್ನು ಕೇಳಿ ಒಮ್ಮೆ, "ನಮ್ ಕಡಿಯಾರೇನ್ರಿ ಮೇಡಂ?" ಎಂದು ಹಲ್ಲು ಕಿರಿದಿದ್ದಳು. ಶರ್ವರಿ ಕಣ್ಣು ತೆರೆದಾಗ ಅವಳ ತಲೆ ಅಂಬವ್ವನ ತೊಡೆಯ ಮೇಲಿತ್ತು. ಫಿನಾಯಿಲಿನ ವಾಸನೆ.

"ಏಳಬ್ಯಾಡ, ಏಳಬ್ಯಾಡ. ಮುಂಜಾನಿ ಏನ್ ತಿಂದೀ?"

"ಜೀರಗಿ ನೀರು."

"ಅದು ತಿನ್ನೂದೇನವ್ವ? ನಮ್ಮ ಎಮ್ಮಿಗೂ ಅಷ್ಟರ ಮ್ಯಾಗ ಹಿಂಡಿ ಹಾಕ್ತಾರ." ಬೈಯುತ್ತಲೇ ತನ್ನ ಸೆರಗಿನಿಂದ ಅವಳ ಹಣೆ ಒರೆಸಿದಳು. "ಲಿಫ್ಟಿನ್ಯಾಗ ಒಯ್ತೀನಿ, ನಡಿ."

"ಲಿಫ್ಟ್ ಬ್ಯಾಡ."

"ಹಂಗಾರ ನಾ ಹೊತ್ಕೊಂಡ್ ಇಳೀಲೇನು?"

ಲಿಫ್ಟಿನಲ್ಲಿ ಅವರಿಬ್ಬರೇ ಇದ್ದರು. ಅದು ಸದ್ದಿಲ್ಲದೆ ಕೆಳಗಿಳಿಯಿತು.

ಹತ್ತಿರದ ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿದರು, ರಕ್ತ ತೆಗೆದರು. ಫಾರಂ ಹಿಡಿದು ಬಂದ ನರ್ಸು, ಜೊತೆಗೆ ಯಾರಿದ್ದಾರೆ, ಏನಾಗಬೇಕು ಎಂದು ಹಿಂದಿಯಲ್ಲಿ ಕೇಳಿದಳು. ಶರ್ವರಿ ಯೋಚಿಸಿದಳು. ಹಾಸ್ಟೆಲಿನ ಕೋಣೆಯವಳು ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಅವಳ ನಂಬರೂ ಇಲ್ಲ. ಮನೋಜ? ಪೆನ್ನು ಹಿಡಿದು ನಿಂತ ನರ್ಸಿಗೆ ಅಂಬವ್ವನೇ, "ಹಮಾರೇ ಗಾಂವ್ ಕೀ ಹೈ, ಲಿಖೋ," ಎಂದು ತಮ್ಮೂರಿನವಳೆಂದೇ ಬರೆಸಿದಳು.

ಡಾಕ್ಟರಮ್ಮ ವಯಸ್ಸಾದವಳು. ರಿಪೋರ್ಟ್ ನೋಡಿದವಳು ಕನ್ನಡಕ ತೆಗೆದಳು. ರಕ್ತದಲ್ಲಿ ಪೊಟ್ಯಾಶಿಯಂ ತಳ ಕಂಡಿದೆ, ಅದಿಲ್ಲದೆ ಹೃದಯ ತಾಳ ತಪ್ಪುತ್ತಿದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟಲು ಶುರುವಾಗಿದೆ ಎಂದು ನಿಧಾನವಾಗಿ ವಿವರಿಸಿದಳು.

"ಮತ್ತೊಂದು ವಾರ ಹಿಂಗೇ ಮಾಡಿದ್ರೆ?" ಎಂದು ಶರ್ವರಿ ತನಗೆ ಬಂದ ಹಿಂದಿಯಲ್ಲಿ ಕೇಳಿದಳು. ಅವಳ ತಲೆಯಲ್ಲಿದ್ದದ್ದು ಬರೀ ಎರಡು ದಿನ.

"ನಿದ್ದೆಯಲ್ಲೇ ಹೃದಯ ನಿಲ್ಲುತ್ತೆ ಬೇಟಾ," ಎಂದಳು ಡಾಕ್ಟರಮ್ಮ. "ಮೆಟ್ಟಿಲ ಮೇಲೆ ಬಿದ್ದದ್ದು ನಿನ್ನ ಪುಣ್ಯ."

ನಾಲ್ಕಕ್ಕೆ ಅಂಬವ್ವ ಎದ್ದಳು. "ಸೂಪರ್‌ವೈಜರ್ ಬಾಯಿ ಮಾಡ್ತಾನ, ನಾ ಹೋಗ್ಲೇಬೇಕು ತಂಗಿ. ನಿಮ್ಮವ್ವಗ ಹೇಳು." ಪರದೆಯಾಚೆ ಅವಳ ಚಪ್ಪಲಿ ಸದ್ದು ದೂರವಾಯಿತು.

ಶರ್ವರಿ ಫೋನು ತೆರೆದು, ತಾನು ಆಸ್ಪತ್ರೆಯಲ್ಲಿರುವುದನ್ನೂ ಡಾಕ್ಟರು ಹೇಳಿದ್ದನ್ನೂ ಗುಂಪಿಗೆ ಬರೆದಳು. ಎಂಬತ್ತಮೂರು ಜನರಲ್ಲಿ ಯಾರಾದರೂ ಒಬ್ಬರು ಏನಾದರೂ ಕೇಳಬಹುದು ಎಂದು ಕಾದಳು. ಕೆಲವರು ಓದಿದ ಗುರುತು ಬಿತ್ತು. ಎರಡು ನಿಮಿಷಕ್ಕೆ ಒಂದು ಸಾಲು ಬಂತು. ಹರ್ಷಿತಾ ಮೇಡಮ್ ಅವಳನ್ನು ಗುಂಪಿನಿಂದ ತೆಗೆದುಹಾಕಿದ್ದಳು.

ಎಂಟಕ್ಕೆ ಸರಿಯಾಗಿ ಅವ್ವನ ಫೋನು.

"ಮುರೀ, ಕೇಳಸು."

"ಇವತ್ತ ಹೊರಗ ಅದೀನವ್ವ. ಗೆಳತ್ಯಾರ ಜೋಡಿ ಊಟಕ್ಕ ಬಂದೀನಿ."

"ಹೌದಾ? ಎಷ್ಟ್ ಮಂದಿ?"

ಶರ್ವರಿ ಪಕ್ಕದ ಖಾಲಿ ಮಂಚ ನೋಡಿದಳು. "ನಾಕ್ ಮಂದಿ."

"ಛಲೋ ಆತು. ಒಬ್ಬಾಕಿನ ಕುಂತ್ ತಿಂದ್ರ ರುಚಿ ಹತ್ತಂಗಿಲ್ಲ. ಅದೇನದು ಕುಂಯ್ ಕುಂಯ್ ಅನ್ನಾಕತ್ತೈತಿ?"

ತಲೆಯ ಹತ್ತಿರದ ಮಷಿನ್ನಿನಲ್ಲಿ ಹಸಿರು ಗೆರೆ ಏರಿ ಇಳಿಯುತ್ತಿತ್ತು.

"ಲಿಫ್ಟವ್ವ," ಎಂದಳು ಶರ್ವರಿ.

ಎರಡು ದಿನದ ಮೇಲೆ ಆಸ್ಪತ್ರೆಯಿಂದ ಬಿಟ್ಟರು. ಒಮ್ಮೆಲೇ ಹೊಟ್ಟೆ ತುಂಬಿಸಬೇಡ, ಅದೂ ಅಪಾಯವೇ, ಗಂಜಿಯಿಂದ ಶುರುಮಾಡು, ಸ್ವಲ್ಪ ಸ್ವಲ್ಪವೇ ಹೆಚ್ಚಿಸು, ವಾರಕ್ಕೊಮ್ಮೆ ರಕ್ತ ತೋರಿಸು ಎಂದು ಬರೆದುಕೊಟ್ಟರು. ಹಾಸ್ಟೆಲಿನ ಕೋಣೆ ಇದ್ದ ಹಾಗೇ ಇತ್ತು. ಅವಳು ಎರಡು ರಾತ್ರಿ ಇರಲಿಲ್ಲವೆಂದು ಯಾರೂ ಗಮನಿಸಿದಂತಿರಲಿಲ್ಲ. ತೂಕದ ಮಷಿನ್ ಮೂಲೆಯಲ್ಲಿತ್ತು. ಒಂದು ಪಾದ ಅದರ ಮೇಲಿಟ್ಟಳು. ಅಂಕಿ ಮಿಣಕ್ಕೆಂದಿತು. ಇನ್ನೊಂದು ಪಾದ ಇಡದೆ ಹಿಂದೆ ಸರಿದಳು.

ಎಂಟಕ್ಕೆ ಸೂಟ್‌ಕೇಸ್ ಎಳೆದು ಒಂದು ಚೂರು ತೆಗೆದಳು, ಅಂಗೈಯ ಕಾಲುಭಾಗದಷ್ಟು. ಹಿಂಡಿಯ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಬಂದಾಗಿನಿಂದ ತೆರೆದೇ ಇರಲಿಲ್ಲ. ಚೂರಿನ ತುದಿಗೆ ಹಿಂಡಿ ಹಚ್ಚಿದಳು.

"ಮುರೀ, ಕೇಳಸು."

ಶರ್ವರಿ ಮುರಿಯಲಿಲ್ಲ. ಚೂರನ್ನು ಬಾಯಿಗಿಟ್ಟು ಕಚ್ಚಿದಳು. ಹಲ್ಲಿನಡಿ ಅದು ಒರಟಾಗಿ, ತಡವರಿಸುತ್ತ ಪುಡಿಯಾಯಿತು. ಹಿಂಡಿಯಲ್ಲಿ ಖಾರವೇ ಇರಲಿಲ್ಲ. ಬರೀ ಶೇಂಗಾ, ಬೆಲ್ಲ, ಚಿಟಿಕೆ ಉಪ್ಪು. ಚಿಕ್ಕವಳಿದ್ದಾಗ ಅವಳಿಗೆಂದೇ ಬೇರೆ ಕುಟ್ಟುತ್ತಿದ್ದ ಸಿಹಿ ಹಿಂಡಿ. ಅವಳು ಅಗಿಯುತ್ತಲೇ ಇದ್ದಳು. ಅಗಿದಷ್ಟೂ ಮುಗಿಯುತ್ತಿರಲಿಲ್ಲ. "ಹ್ಞೂಂ" ಅನ್ನಲೂ ಬಾಯಿ ಬಿಡುವಾಗಲಿಲ್ಲ.

ಆ ಕಡೆ ಟಪ್ ಟಪ್ ನಿಂತಿತ್ತು. ಒಲೆಯ ಕಟ್ಟಿಗೆ ಚಿಟಪಟ ಎನ್ನುವುದಷ್ಟೇ ಕೇಳುತ್ತಿತ್ತು. ಶರ್ವರಿ ನುಂಗಿದಳು.

"ನಡುವ ನೀರ ಕುಡಿ," ಎಂದಳು ಅವ್ವ ಆಗ. ಇಷ್ಟು ದಿನ ಒಮ್ಮೆಯೂ ಹೇಳದಿದ್ದ ಮಾತು.

ಶರ್ವರಿ ನೀರು ಕುಡಿದು ಇನ್ನೊಂದು ಚಿಕ್ಕ ಚೂರು ತೆಗೆದುಕೊಂಡಳು. ಕಲಬುರಗಿಯಲ್ಲಿ ಹಿಟ್ಟಿನ ಮೇಲೆ ಕೈ ಬಿತ್ತು, ಟಪ್, ತಡೆದು ಮತ್ತೊಂದು, ಟಪ್. ಅವಳು ಅಗಿಯುವುದನ್ನು ಕಾದು ಕಾದು ಬೀಳುತ್ತಿದ್ದ ಹಾಗೆ.