ಸೋಮವಾರದ ಓದು

ಲಿಫ್ಟ್ ಕಂಪನಿಯ ಯಜಮಾನಿಗೆ ನಲವತ್ತು ದಾಟಿದ್ದರೂ ಚಿಕ್ಕಪ್ಪನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ತುಂಬಿದ ಬೋರ್ಡ್ ಮೀಟಿಂಗಿನಲ್ಲೂ "ಪುಟ್ಟಿ, ಆ ಕಾಗದ ಈ ಕಡೆ ಕೊಡು" ಎನ್ನಲು ಅವರಿಗೆ ಸಂಕೋಚವಿರಲಿಲ್ಲ. ಕಂಪನಿ ಕಟ್ಟಿದವರು ಅವಳ ಅಪ್ಪ. ಅವರು ತೀರಿಕೊಂಡ ಮೇಲೆ ಕುರ್ಚಿ ಮಗಳಿಗೆ ಬಂತು, ಹೆಚ್ಚಿನ ಷೇರು ಚಿಕ್ಕಪ್ಪನ ಕೈಯಲ್ಲೇ ಉಳಿಯಿತು. ಅವಳು ಕುರ್ಚಿಯಲ್ಲಿ ಕೂತಿದ್ದಳು, ಅವರು ಅದರ ಬೆನ್ನು ಹಿಡಿದು ನಿಂತಿದ್ದರು.

ಆ ವರ್ಷ ಚಿಕ್ಕಪ್ಪ ಹೂಡಿಕೆದಾರರ ಸಮಾವೇಶವೊಂದಕ್ಕೆ ಹೋಗಿ ಬಂದರು. ಬಂದವರೇ ಆಫೀಸಿಗೆ ಒಂದು ರಟ್ಟಿನ ಪೆಟ್ಟಿಗೆ ಕಳಿಸಿದರು. ಒಳಗೆ ಹತ್ತು ಪುಸ್ತಕ. ಮ್ಯಾನೇಜರಾದವರು ಓದಲೇಬೇಕಾದವು ಎಂದು ಅಲ್ಲಿ ಯಾರೋ ದೊಡ್ಡವರು ಹೇಳಿದ್ದರಂತೆ.

"ನೀನೂ ಓದು, ನಿನ್ನ ಮ್ಯಾನೇಜರ್‌ಗಳಿಗೂ ಓದ್ಸು" ಎಂದರು ಫೋನಿನಲ್ಲಿ. "ಹೊಸದಾಗಿ ದುಡ್ಡು ಹಾಕೋರು ಬರ್ತಿದಾರೆ. ಅವರೆದುರು ನಾಲ್ಕು ಮಾತಾಡೋಕಾದ್ರೂ ಬರ್ಲಿ."

ಪುಟ್ಟಿ ಪುಸ್ತಕಗಳನ್ನು ಹಂಚಿದಳು. ಮುಂದಿನ ಮೀಟಿಂಗಿನಲ್ಲಿ ಕೇಳಿದರೆ ಎಲ್ಲರೂ ಓದಿಯಾಗಿತ್ತು! ಮಾರಾಟದ ಮ್ಯಾನೇಜರಂತೂ ಮೂರು ಮುಗಿಸಿದ್ದೇನೆ ಎಂದು ಎದೆಯುಬ್ಬಿಸಿದ. ಆದರೆ ಅವನೆದುರಿಗಿದ್ದ ಪುಸ್ತಕಕ್ಕೆ ಅಂಗಡಿಯವರು ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು.

"ಸಾರಾಂಶ ಫೋನಲ್ಲೇ ಸಿಗುತ್ತೆ ಮೇಡಂ" ಎಂದು ಅವನು ಹಲ್ಲು ಕಿರಿದ. "ಆಫೀಸಿಗೆ ಬರ್ತಾ ಒಂದು, ಮನೆಗೆ ಹೋಗ್ತಾ ಒಂದು ಕೇಳ್ಬಿಡ್ತೀನಿ."

ಪುಟ್ಟಿಗೆ ನಗು ಬಂತು. ಬಂದ ನಗು ತುಟಿಯಲ್ಲೇ ಆರಿತು. ತನ್ನ ಪಾಲಿನ ಪುಸ್ತಕದಲ್ಲಿ ಅವಳೂ ಮುನ್ನುಡಿ ದಾಟಿರಲಿಲ್ಲ. ಅವಮಾನವಾದಾಗ ಪಟ್ಟು ಹಿಡಿಯುವುದು ಅವಳ ಹುಟ್ಟುಗುಣ.

"ಒಂದೇ ಪುಸ್ತಕ ತಗೊಳ್ಳೋಣ" ಎಂದಳು. "ಪ್ರತಿ ಸೋಮವಾರ ಬೆಳಿಗ್ಗೆ ಒಂದು ಗಂಟೆ. ಎಲ್ಲರೂ ಒಟ್ಟಿಗೆ ಕೂತು, ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಓದೋದು. ಫೋನು ಹೊರಗೆ."

"ನಾವೇನು ಸ್ಕೂಲ್ ಮಕ್ಕಳಾ ಮೇಡಂ?"

"ಸ್ಕೂಲ್ ಮಕ್ಕಳು ಪ್ಲಾಸ್ಟಿಕ್ ಆದ್ರೂ ಬಿಚ್ಚಿರ್ತಾರೆ."

ಹತ್ತರಲ್ಲಿ ಒಂಬತ್ತು ಪುಸ್ತಕಗಳು ಗೆಲ್ಲುವುದು ಹೇಗೆಂದು ಹೇಳುತ್ತಿದ್ದವು. ಉಳಿದ ಒಂದು, ಸರಕಿನ ಹಡಗೊಂದು ಮುಳುಗಿದ ಕಥೆ. ಬದುಕಿ ಬಂದ ಎಂಜಿನಿಯರ್ ಬರೆದದ್ದು. ಪುಟ್ಟಿ ಅದನ್ನೇ ಆರಿಸಿದಳು. ಮೊದಲ ಸೋಮವಾರ ಎಲ್ಲರೂ ಮೂಗು ಮುರಿಯುತ್ತಲೇ ಬಂದು ಕೂತರು. ಆದರೆ ಮಾರಾಟದವನಿಗೆ ನಾಟಕದ ಗೀಳಿತ್ತು ಎನ್ನುವುದು ಅಂದೇ ತಿಳಿದದ್ದು. ಬಿರುಗಾಳಿಯ ಪುಟವನ್ನು ಅವನು ಎಂಥ ಗತ್ತಿನಲ್ಲಿ ಓದಿದನೆಂದರೆ, ಕಾಫಿ ತಂದವರು ಟ್ರೇ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಮೂರನೆಯ ವಾರಕ್ಕೆ ಯಾರನ್ನೂ ಕರೆಯಬೇಕಾಗಿರಲಿಲ್ಲ.

ಸರ್ವೀಸ್ ಮ್ಯಾನೇಜರ್ ಮಾತ್ರ ಓದಲು ಹಿಂದೇಟು ಹಾಕುತ್ತಿದ್ದರು. ಅಪ್ಪನ ಕಾಲದಿಂದ ಇದ್ದವರು. ನಗರದಲ್ಲಿ ಕಂಪನಿ ಹಾಕಿದ ಅಷ್ಟೂ ಲಿಫ್ಟುಗಳ ರಿಪೇರಿ ಅವರ ಹೊಣೆ. ಕೇಳಿದರೆ ಮಾತ್ರ ಮಾತು, ಅದೂ ಅಳೆದು ತೂಗಿ. ಕೊನೆಗೊಂದು ಸೋಮವಾರ ಅವರ ಸರದಿ ಬಂದೇ ಬಂತು. ಹಡಗಿನ ತಳದ ಬಾಗಿಲೊಂದು ಸರಿಯಾಗಿ ಮುಚ್ಚುತ್ತಿರಲಿಲ್ಲ ಎಂದು ವಿಚಾರಣೆಯಲ್ಲಿ ಬಯಲಾಗುವ ಭಾಗ ಅದು. ಕಿರಿಯ ಅಧಿಕಾರಿಯೊಬ್ಬ ಹೇಳುತ್ತಾನೆ: ನಾನು ಒಂದು ಸಲ ಹೇಳಿದೆ, ಅವರು ಕೇಳಲಿಲ್ಲ, ಎರಡನೆಯ ಸಲ ಹೇಳಲಿಲ್ಲ.

ಅಷ್ಟು ಓದಿ ಸರ್ವೀಸ್ ಮ್ಯಾನೇಜರ್ ನಿಲ್ಲಿಸಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ.

"ಯಾಕೆ ಸರ್, ಗಂಟಲು ಕಟ್ಟಿತಾ?" ಎಂದ ಮಾರಾಟದವನು.

"ಮೇಡಂ, ನಾನೂ ಒಂದು ಸಲ ಹೇಳಿದ್ದೆ" ಎಂದರು ಅವರು. "ಹೊಸ ಬ್ರೇಕ್ ಲೈನರ್ ವಿಷಯ. ಬೇಗ ಸವೀತಿದೆ ಅಂತ."

ಪುಟ್ಟಿ ಅವರತ್ತ ತಿರುಗಿದಳು. ಲಿಫ್ಟನ್ನು ಹಿಡಿದು ನಿಲ್ಲಿಸುವ ಆ ಲೈನರುಗಳನ್ನು ಕಳೆದ ವರ್ಷ ಬೇರೆಯವರಿಂದ, ಕಡಿಮೆ ಬೆಲೆಗೆ ತರಿಸಿದವಳು ಅವಳೇ. ವರಾಂಡದಲ್ಲಿ ಇವರು ಎದುರಾಗಿ ಏನೋ ಹೇಳಿದ್ದೂ, ತಾನು ನಡೆಯುತ್ತಲೇ "ನೋಡೋಣ ಬಿಡಿ" ಎಂದದ್ದೂ ನೆನಪಾಯಿತು.

"ಆಮೇಲೆ ಯಾಕೆ ಹೇಳ್ಲಿಲ್ಲ ನೀವು?"

"ನಿಮಗೆ ಗೊತ್ತಿದ್ದೇ ಸುಮ್ನಿದೀರಿ ಅಂದ್ಕೊಂಡೆ. ಹೂಡಿಕೆದಾರರು ಬರೋ ಹೊತ್ತು ಬೇರೆ. ನಾನ್ಯಾಕೆ ಮಧ್ಯ ಬಾಯಿ ಹಾಕ್ಲಿ ಅಂತ." ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ತಪ್ಪಾಯ್ತು ಮೇಡಂ."

"ನಿಮ್ಮದಲ್ಲ ಸರ್. ಕಿವಿಗೆ ಹಾಕ್ಕೊಳ್ಳದೆ ಹೋದೋಳು ನಾನು." ಅವಳು ಪುಸ್ತಕ ಮುಚ್ಚಿದಳು. "ಆ ಲೈನರ್ ಹಾಕಿರೋ ಲಿಫ್ಟುಗಳನ್ನೆಲ್ಲ ಇವತ್ತೇ ನಿಲ್ಲಿಸಿ. ಯಾಕೆ ಅಂತ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳಿ."

ಮಧ್ಯಾಹ್ನದ ಹೊತ್ತಿಗೆ ಸುದ್ದಿ ತಿಳಿದು ಚಿಕ್ಕಪ್ಪ ಬಂದರು. ಬಾಗಿಲು ದಡಾರೆಂದಿತು.

"ಬುದ್ಧಿ ನೆಟ್ಟಗಿದೆಯೇನೇ ನಿನಗೆ? ದುಡ್ಡು ಹಾಕೋರು ಮುಂದಿನ ವಾರ ಬರೋದು. ಈಗ ನಿನ್ನ ಮನೆ ಮಾಡು ಸೋರ್ತಿದೆ ಅಂತ ನೀನೇ ಡಂಗುರ ಸಾರ್ತೀಯಲ್ಲ! ಸದ್ದಿಲ್ದೆ ಒಂದೊಂದಾಗಿ ಬದಲಾಯಿಸಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಬದಲಾಯಿಸೋ ಮುಂಚೆ ಒಂದು ಬಿದ್ರೆ ಎಲ್ಲರಿಗೂ ಗೊತ್ತಾಗುತ್ತೆ ಚಿಕ್ಕಪ್ಪ."

"ನಿಮ್ಮಪ್ಪ ಇದ್ದಿದ್ರೆ..."

"ಅಪ್ಪ ಇದ್ದಿದ್ರೆ ಆ ಲೈನರ್ ತರಿಸ್ತಾನೇ ಇರ್ಲಿಲ್ಲ. ತರಿಸಿದೋಳು ನಾನು. ಸರಿ ಮಾಡೋಳೂ ನಾನೇ." ಅವಳು ಹಡಗಿನ ಪುಸ್ತಕವನ್ನು ಮೇಜಿನ ಮೇಲೆ ಇಟ್ಟಳು. "ನೀವು ಕಳಿಸಿದ ಪುಸ್ತಕದಲ್ಲೇ ಇದೆ. ಓದಿದೀರಾ?"

"ಕಳಿಸಿದೋನೇ ನಾನು ಕಣೇ!"

"ಓದಿದೀರಾ ಅಂತ ಕೇಳಿದೆ."

ಚಿಕ್ಕಪ್ಪ ಕೆಮ್ಮಿದರು, ನೀರು ಕುಡಿದರು, ಕಿಟಕಿಯ ಹೊರಗೆ ನೋಡಿದರು. "ಬೋರ್ಡ್ ಕರೆದು ನಿನ್ನ ಕೆಳಗಿಳಿಸೋಕೆ ನನ್ನ ಕೈಲಾಗುತ್ತೆ, ಗೊತ್ತಲ್ಲ?" ಎಂದರು ಕೊನೆಗೆ.

"ಗೊತ್ತು. ಇಳಿಸಿ. ಲಿಫ್ಟ್ ಮಾತ್ರ ಹತ್ತಲ್ಲ ಇಳಿಯಲ್ಲ, ಲೈನರ್ ಬದಲಾಗೋ ತನಕ."

ಅವರು ಎದ್ದು ಹೋದರು. ಬೋರ್ಡ್ ಕರೆಯಲಿಲ್ಲ, ಫೋನನ್ನೂ ಮಾಡಲಿಲ್ಲ.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಎರಡು ಕಟ್ಟಡದವರು ಗುತ್ತಿಗೆ ಮುರಿದುಕೊಂಡರು. ಹೂಡಿಕೆದಾರರು ಬಂದು ಎಲ್ಲವನ್ನೂ ಕೇಳಿಸಿಕೊಂಡು, ಆರು ತಿಂಗಳು ಬಿಟ್ಟು ನೋಡೋಣ ಎಂದು ಕೈಕುಲುಕಿ ಹೊರಟರು. ಮಾರಾಟದವನು ಅವರನ್ನು ಕಾರಿನವರೆಗೆ ಬಿಟ್ಟು ಬಂದವನು ನೆಲ ನೋಡುತ್ತ ನಿಂತ. ಅದೇ ಸಂಜೆ ಸರ್ವೀಸ್ ಮ್ಯಾನೇಜರ್ ಬಿಚ್ಚಿ ತಂದ ಲೈನರೊಂದನ್ನು ಅವಳ ಮೇಜಿನ ಮೇಲಿಟ್ಟರು. ಸವೆದು ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. ಮಾರಾಟದವನು ಅದನ್ನು ಕೈಗೆತ್ತಿಕೊಂಡು, "ಉಳಿದ ಕಟ್ಟಡಗಳಿಗೆ ನಾನೇ ಹೋಗಿ ಮಾತಾಡ್ತೀನಿ ಮೇಡಂ" ಎಂದ. ಹೇಳಿದಂತೆ ಹೋದ, ಬೈಸಿಕೊಂಡ, ಮತ್ತೆ ಹೋದ.

ಪುಟ್ಟಿಯೂ ದಿನಕ್ಕೊಂದು ಕಟ್ಟಡಕ್ಕೆ ಹೋಗುತ್ತಿದ್ದಳು. ಕೊನೆಯ ಲಿಫ್ಟ್ ಚಾಲೂ ಆದ ದಿನ ಚಿಕ್ಕಪ್ಪನೂ ತಾವಾಗಿ ಆ ಕಟ್ಟಡಕ್ಕೆ ಬಂದು ಅವಳ ಪಕ್ಕ ನಿಂತರು. ಅವರ ಕೈಚೀಲದಿಂದ ಆ ಹಡಗಿನ ಪುಸ್ತಕ ಇಣುಕುತ್ತಿತ್ತು. ಅವಳು ನೋಡದವಳಂತೆ ಇದ್ದುಬಿಟ್ಟಳು. ಅಷ್ಟರಲ್ಲಿ ಏಳನೇ ಮಹಡಿಯ ಅಜ್ಜಿಯೊಬ್ಬರು ತರಕಾರಿ ಚೀಲ ಹೊತ್ತು ಏದುಸಿರು ಬಿಡುತ್ತಾ ಬಂದರು.

"ನೀನೇ ಏನಮ್ಮ ಕಂಪನಿಯೋಳು? ಇಷ್ಟು ದಿನ ನನ್ನ ಮಂಡಿ ಏನಾಯ್ತು ಅಂತ ಗೊತ್ತಾ ನಿನಗೆ?"

"ತಪ್ಪಾಯ್ತು ಅಜ್ಜಿ. ಕೊಡಿ ಇಲ್ಲಿ ಚೀಲ."

ಬಾಗಿಲು ಮುಚ್ಚಿ ಲಿಫ್ಟ್ ಮೇಲೇರತೊಡಗಿತು. ಅಜ್ಜಿ ಏಳೂ ಮಹಡಿ ಬಿಡದೆ ಬೈದರು. ಪುಟ್ಟಿ ಭಾರದ ಚೀಲವನ್ನು ಕೈಯಿಂದ ಕೈಗೆ ಬದಲಾಯಿಸಿಕೊಳ್ಳುತ್ತಾ, ಈ ಸಲ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು.